ತಪ್ಪಾದಾಗ ಏನು ಮಾಡುತ್ತದೆ? ಮಗುವಿಗೆ ಪ್ರೋಗ್ರಾಮಿಂಗ್ ಕಲಿಸುವ ಸಾಧನ ಆರಿಸುವ ಬಗೆ

ಒಮಾನ್‌ನ ಸೂರ್ ಪಟ್ಟಣದಲ್ಲಿ ಕನ್ನಡ ಕುಟುಂಬಗಳು ಮಸ್ಕತ್‌ನಲ್ಲಿರುವಷ್ಟಿಲ್ಲ. ಭಾರತದ ಸಹಕಾರಿ ಸಂಸ್ಥೆಗಳಾದ ಇಫ್ಕೊ ಮತ್ತು ಕ್ರಿಬ್ಕೊ ಒಮಾನ್ ಜೊತೆ ಸೇರಿ ಕಟ್ಟಿದ ರಸಗೊಬ್ಬರ ಕಾರ್ಖಾನೆ, ಕಲ್ಹಾತ್‌ನ ಅನಿಲ ದ್ರವೀಕರಣ ಘಟಕ, ವಿದ್ಯುತ್ ಸ್ಥಾವರ, ಆಸ್ಪತ್ರೆ, ಅಂಗಡಿ ಮುಂಗಟ್ಟು, ಹೀಗೆ ದುಡಿಮೆಯ ಜಾಗಗಳ ಸುತ್ತ ಇಲ್ಲಿನ ಭಾರತೀಯರ ಬದುಕು ಹರಡಿಕೊಂಡಿದೆ. ಸಿಬಿಎಸ್‌ಇ ಪಠ್ಯಕ್ರಮದ ಇಂಡಿಯನ್ ಸ್ಕೂಲ್ ಸೂರ್ ಇದೆ. ಆದರೆ ಶಾಲೆಯ ಹೊರಗೆ ಮಗುವಿಗೆ ಪ್ರೋಗ್ರಾಮಿಂಗ್ ಕಲಿಸೋಣ ಎಂದರೆ ಸುಮಾರು 200 ಕಿಲೋಮೀಟರ್ ದೂರದ ಮಸ್ಕತ್‌ನಲ್ಲಿ ಸಿಗುವಷ್ಟು ಆಯ್ಕೆ ಇಲ್ಲಿ ಸಿಗದು. ಹಾಗಾಗಿ ಅಪ್ಪ ಅಮ್ಮ ಫೋನಿನ ಕಡೆ ತಿರುಗುತ್ತಾರೆ. ಅಲ್ಲಿ ಕೊರತೆಯ ಬದಲು ಅತಿಯಾದ ಸಮೃದ್ಧಿ: ಉಚಿತ ಆ್ಯಪ್‌ಗಳು, ಬೆಂಗಳೂರಿನಿಂದ ನಡೆಯುವ ಆನ್‌ಲೈನ್ ಕ್ಲಾಸುಗಳು, ರೋಬೋಟ್ ಕಿಟ್‌ಗಳು, ಯೂಟ್ಯೂಬ್ ಪಾಠಗಳು, ಆರು ವರ್ಷದ ಮಗುವಿಗೂ ಸರ್ಟಿಫಿಕೇಟ್ ಕೊಡುವ ಕೋರ್ಸುಗಳು. ಯಾವ ಆ್ಯಪ್ ಒಳ್ಳೆಯದು, ಯಾವ ಭಾಷೆಯಿಂದ ಶುರು ಮಾಡಬೇಕು, ಯಾವ ಕೋರ್ಸಿಗೆ ದುಡ್ಡು ಕಟ್ಟಬೇಕು ಎಂಬ ಮೂರು ಪ್ರಶ್ನೆಗಳು ಎಲ್ಲ ಮನೆಗಳಲ್ಲೂ ಏಳುತ್ತವೆ. ಈ ಮೂರಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಮಗು ಬರೆದ ಪ್ರೋಗ್ರಾಂ ತಪ್ಪಾದಾಗ ಈ ಸಾಧನ ಏನು ಮಾಡುತ್ತದೆ? ಉತ್ತರವನ್ನು ತಾನೇ ತೋರಿಸಿಬಿಡುತ್ತದೆಯೇ, ಮತ್ತೊಮ್ಮೆ ಪ್ರಯತ್ನಿಸು ಎಂದು ಹೇಳಿ ಸುಮ್ಮನಾಗುತ್ತದೆಯೇ, ಇಲ್ಲವೇ ತಪ್ಪು ಎಲ್ಲಿದೆ ಎಂದು ಮಗುವೇ ಹುಡುಕುವಂತೆ ದಾರಿ ಬಿಡುತ್ತದೆಯೇ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಉಳಿದ ಮೂರಕ್ಕೂ ಹೆಚ್ಚುಕಡಿಮೆ ಉತ್ತರ ಸಿಗುತ್ತದೆ.

ಒಂದೇ ಆಮೆ, ಎರಡು ಫಲಿತಾಂಶ

ಇದು ಬರಿಯ ಅಭಿಪ್ರಾಯವಲ್ಲ ಎನ್ನಲು ಮಕ್ಕಳ ಪ್ರೋಗ್ರಾಮಿಂಗ್‌ನ ಆರಂಭದ ಚರಿತ್ರೆಯೇ ಆಧಾರ. 1967ರಲ್ಲಿ ಅಮೆರಿಕದಲ್ಲಿ ಸೇಮೂರ್ ಪ್ಯಾಪರ್ಟ್, ವಾಲೇಸ್ ಫೊಯರ್‌ಝೈಗ್, ಸಿಂಥಿಯಾ ಸೊಲೊಮನ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ಲೋಗೋ ಎಂಬ ಭಾಷೆಯನ್ನು ರೂಪಿಸಿದರು. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟರೆ ಪರದೆಯ ಮೇಲಿನ ಆಮೆ ನಡೆದಾಡುತ್ತಾ ಗೆರೆ ಎಳೆಯುತ್ತಿತ್ತು. ಪ್ರೋಗ್ರಾಂ ಬರೆಯುತ್ತ ಬರೆಯುತ್ತ ಮಕ್ಕಳ ಯೋಚನೆಯ ಕ್ರಮವೇ ಹರಿತವಾಗುತ್ತದೆ ಎಂಬ ನಿರೀಕ್ಷೆ ಆಗ ದೊಡ್ಡದಾಗಿತ್ತು. 1984ರ ಹೊತ್ತಿಗೆ ನ್ಯೂಯಾರ್ಕ್‌ನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಅದನ್ನು ಪರೀಕ್ಷೆಗೆ ಒಡ್ಡಿದರು. ಶಾಲೆಯಲ್ಲಿ ಲೋಗೋ ಜೊತೆ ಒಂದು ವರ್ಷ ಸ್ವತಂತ್ರವಾಗಿ ಒಡನಾಡಿದ ಮಕ್ಕಳಿಗೆ ಕೆಲಸಗಳ ಸರಣಿಯೊಂದನ್ನು ಯೋಜಿಸಲು ಕೊಟ್ಟಾಗ, ಲೋಗೋ ಕಲಿಯದ ಮಕ್ಕಳಿಗಿಂತ ಅವರು ಮೇಲೇನೂ ಇರಲಿಲ್ಲ. ನಿರಾಸೆ ಹರಡಿತು. ಆದರೆ 1988ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಕ್ಲಾರ್ ಮತ್ತು ಶರನ್ ಕಾರ್ವರ್ ಅದೇ ಲೋಗೋವನ್ನು ಇಟ್ಟುಕೊಂಡು ಬೇರೆ ರೀತಿಯಲ್ಲಿ ಕಲಿಸಿದರು. ಏನಾಗಬೇಕಿತ್ತು, ಏನಾಯಿತು, ಎರಡರ ನಡುವಿನ ವ್ಯತ್ಯಾಸ ಯಾವ ಬಗೆಯ ತಪ್ಪನ್ನು ಸೂಚಿಸುತ್ತದೆ, ಆ ತಪ್ಪು ಪ್ರೋಗ್ರಾಂನ ಯಾವ ಭಾಗದಲ್ಲಿರಬಹುದು, ತಿದ್ದಿದ ಮೇಲೆ ಸರಿಯಾಯಿತೇ ಎಂಬ ಹೆಜ್ಜೆಗಳನ್ನು ಮಕ್ಕಳಿಗೆ ಬಿಡಿಸಿ ಹೇಳಿಕೊಟ್ಟರು. ಈ ಮಕ್ಕಳು ಕಂಪ್ಯೂಟರಿನ ಹೊರಗೆ, ಕಾಗದದ ಮೇಲೆ ಬರೆದ ಸೂಚನೆಗಳಲ್ಲಿ ಅಡಗಿದ್ದ ತಪ್ಪುಗಳನ್ನು ಹುಡುಕುವುದರಲ್ಲೂ ಸುಧಾರಿಸಿದರು.

ಸಾಧನ ಒಂದೇ, ಫಲ ಎರಡು. ವ್ಯತ್ಯಾಸ ತಂದದ್ದು ತಪ್ಪನ್ನು ನಡೆಸಿಕೊಂಡ ರೀತಿ. ನಂತರದ ದಶಕಗಳ ಅಧ್ಯಯನಗಳು ಇದಕ್ಕೆ ವಿರುದ್ಧವಾಗಿ ನಿಂತಿಲ್ಲ. 2019ರಲ್ಲಿ ರೊನ್ನಿ ಶೆರರ್ ಮತ್ತು ಸಹಲೇಖಕರು 105 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರೋಗ್ರಾಮಿಂಗ್ ಕಲಿಕೆಯಿಂದ ಬೇರೆ ಸಾಮರ್ಥ್ಯಗಳಿಗೂ ಲಾಭವಿದೆ ಎಂದು ಕಂಡಿತು. ಆ ಲಾಭ ಎಲ್ಲ ಕಡೆ ಸಮನಾಗಿರಲಿಲ್ಲ. ಸೃಜನಶೀಲ ಯೋಚನೆ, ಗಣಿತ ಕೌಶಲ, ತನ್ನ ಯೋಚನೆಯನ್ನು ತಾನೇ ಗಮನಿಸುವ ಶಕ್ತಿ ಇವುಗಳಿಗೆ ಹೆಚ್ಚು. ಒಟ್ಟಾರೆ ಶಾಲಾ ಅಂಕಗಳಿಗೆ ಮತ್ತು ಓದು ಬರಹಕ್ಕೆ ಕಡಿಮೆ. ಕೋಡಿಂಗ್ ಕಲಿತರೆ ಎಲ್ಲ ವಿಷಯದಲ್ಲೂ ಮುಂದೆ ಬರುತ್ತಾರೆ ಎನ್ನುವ ಜಾಹೀರಾತನ್ನು ಓದುವಾಗ ಇದು ನೆನಪಿರಬೇಕು. ಕೋಡಿಂಗ್‌ನಿಂದ ಏನೂ ಆಗುವುದಿಲ್ಲ ಎನ್ನುವವರ ಮಾತನ್ನು ಕೇಳುವಾಗಲೂ ನೆನಪಿರಬೇಕು.

ತಪ್ಪಿನ ಮೂಲಕ ಕಲಿಯುವ ಈ ಬಗೆಯನ್ನು ಕಲಿಸುವ ಕ್ರಮವಾಗಿ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟವರು ಇಂಗ್ಲೆಂಡಿನ ಸೂ ಸೆಂಟನ್ಸ್. ಊಹಿಸು, ಓಡಿಸು, ಪರಿಶೀಲಿಸು, ಬದಲಿಸು, ರಚಿಸು ಎಂಬ ಐದು ಹೆಜ್ಜೆಗಳು ಅವರದು. ಬೇರೆಯವರು ಬರೆದ ಚಿಕ್ಕ ಪ್ರೋಗ್ರಾಂ ಒಂದನ್ನು ಮಗು ಮೊದಲು ಓದಿ, ಇದು ಏನು ಮಾಡುತ್ತದೆ ಎಂದು ಊಹಿಸುತ್ತದೆ. ಓಡಿಸಿ ಊಹೆ ಸರಿಯೇ ಎಂದು ನೋಡುತ್ತದೆ. ಸಾಲುಸಾಲಾಗಿ ಪರಿಶೀಲಿಸಿ, ಒಂದೆರಡು ಕಡೆ ಬದಲಿಸಿ, ಕೊನೆಗೆ ತನ್ನದೇ ಒಂದನ್ನು ರಚಿಸುತ್ತದೆ. 2019ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಈ ಕ್ರಮದಲ್ಲಿ ಕಲಿತ 11ರಿಂದ 14 ವಯಸ್ಸಿನ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಮನೆಯಲ್ಲಿ ಕಲಿಸುವವರಿಗೆ ಇದರಲ್ಲೊಂದು ದೊಡ್ಡ ಅನುಕೂಲವಿದೆ. ಖಾಲಿ ಪರದೆಯ ಮುಂದೆ ಮಗುವನ್ನು ಕೂರಿಸಿ ಏನಾದರೂ ಮಾಡು ಎನ್ನಬೇಕಾಗಿಲ್ಲ. ಊಹೆ ತಪ್ಪಾದ ಕ್ಷಣದಿಂದಲೇ ಪಾಠ ಶುರುವಾಗುತ್ತದೆ.

ವಯಸ್ಸಿಗೆ ತಕ್ಕ ಸಾಧನ

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಸಿಗುವ ಸಾಧನಗಳನ್ನು ನೋಡಬಹುದು. ಐದರಿಂದ ಏಳು ವರ್ಷದ ಮಗುವಿಗೆ ಸ್ಕ್ರ್ಯಾಚ್ ಜೂನಿಯರ್ ಸಾಕು. 2014ರಲ್ಲಿ ಬಂದ ಈ ಉಚಿತ ಆ್ಯಪ್ ಟ್ಯಾಬ್ಲೆಟ್‌ನಲ್ಲಿ ನಡೆಯುತ್ತದೆ. ಆಜ್ಞೆಗಳಾಗಿ ಜೋಡಿಸುವ ಬ್ಲಾಕ್‌ಗಳ ಮೇಲೆ ಅಕ್ಷರದ ಬದಲು ಚಿತ್ರಗಳಿರುವುದರಿಂದ ಓದು ಬಾರದ ಮಗುವಿಗೂ ದಕ್ಕುತ್ತದೆ. ಪರದೆಯ ಮೇಲಿನ ಬೆಕ್ಕು ಎಡಕ್ಕೆ ಹೋಗಬೇಕಿದ್ದದ್ದು ಬಲಕ್ಕೆ ಹೋಯಿತೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ, ಯಾರೂ ಬೈಯುವುದಿಲ್ಲ. ಈ ವಯಸ್ಸಿನಲ್ಲಿ ಪರದೆಯೇ ಬೇಡ ಎನ್ನುವವರಿಗೆ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಗೆಳೆಯರು ರೂಪಿಸಿದ ಸಿಎಸ್ ಅನ್‌ಪ್ಲಗ್ಡ್ ಚಟುವಟಿಕೆಗಳಿವೆ. ಚುಕ್ಕಿ ಬರೆದ ಕಾರ್ಡುಗಳಿಂದ ದ್ವಿಮಾನ ಸಂಖ್ಯೆ ಕಲಿಯುವುದು, ನೆಲದ ಮೇಲೆ ಎಳೆದ ಗೆರೆಗಳ ಮೇಲೆ ನಡೆದು ಸಂಖ್ಯೆಗಳನ್ನು ಕ್ರಮಕ್ಕೆ ತರುವುದು ಮುಂತಾದವಕ್ಕೆ ಕಂಪ್ಯೂಟರ್ ಬೇಕಿಲ್ಲ. ಸೂರ್‌ನ ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದ ಮಧ್ಯಾಹ್ನಗಳಿಗೆ ಇವು ಹೇಳಿ ಮಾಡಿಸಿದಂತಿವೆ.

ಎಂಟು ವರ್ಷದಿಂದ ಮುಂದಕ್ಕೆ ಸ್ಕ್ರ್ಯಾಚ್‌ಗಿಂತ ಒಳ್ಳೆಯ ಆರಂಭ ಹುಡುಕುವುದು ಕಷ್ಟ. ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ಗುಂಪು 2007ರಲ್ಲಿ ಬಿಡುಗಡೆ ಮಾಡಿದ ಇದು ಲೋಗೋದ ನೇರ ವಾರಸುದಾರ. ಬ್ರೌಸರಿನಲ್ಲಿ ನಡೆಯುತ್ತದೆ, ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಪೂರ್ತಿ ಉಚಿತ. ಬ್ಲಾಕ್‌ಗಳನ್ನು ಜೋಡಿಸುವುದರಿಂದ ಕಾಗುಣಿತದ, ಚಿಹ್ನೆಯ ತಪ್ಪುಗಳು ಆಗುವುದಿಲ್ಲ; ಆಗುವ ತಪ್ಪೆಲ್ಲ ತರ್ಕದ್ದು. ಹುಡುಕಲು ಕಲಿಯಬೇಕಾದದ್ದೂ ಅದನ್ನೇ. ಇತರರು ಮಾಡಿದ ಪ್ರಾಜೆಕ್ಟ್‌ನ ಒಳಗನ್ನು ತೆರೆದು ಓದಿ ಬದಲಿಸುವ ಅವಕಾಶವಿರುವುದರಿಂದ ಸೆಂಟನ್ಸ್ ಅವರ ಐದು ಹೆಜ್ಜೆಗಳು ಇಲ್ಲಿ ಸರಾಗವಾಗಿ ಕೂರುತ್ತವೆ. ಖಾತೆ ತೆರೆಯದೆಯೂ ಬಳಸಬಹುದು. 13 ವರ್ಷದೊಳಗಿನ ಮಗು ಖಾತೆ ತೆರೆಯುವಾಗ ಪೋಷಕರ ಇಮೇಲ್ ಕೇಳುತ್ತಾರೆ, ಅದನ್ನು ಕೊಡುವವರು ಪೋಷಕರೇ ಆಗಿರಲಿ. 2013ರಲ್ಲಿ ಶುರುವಾದ ಕೋಡ್ ಡಾಟ್ ಆರ್ಗ್‌ನಂಥ ಒಗಟಿನ ಪಾಠಗಳು ಮೊದಲ ಕೆಲವು ದಿನಗಳಿಗೆ ಚೆನ್ನ. ಪ್ರತಿ ಹಂತದಲ್ಲೂ ಗುರಿ ಸ್ಪಷ್ಟವಾಗಿರುವುದರಿಂದ ಮಗು ಬೇಗ ಮುಂದೆ ಸಾಗುತ್ತದೆ. ಆದರೆ ಬ್ಲಾಕ್‌ಗಳನ್ನು ಹೇಗೆಹೇಗೋ ಅದಲುಬದಲು ಮಾಡಿ ಹಂತ ದಾಟಿಬಿಡುವ ದಾರಿಯೂ ಅಲ್ಲಿರುತ್ತದೆ. ದಾಟಿದ ಹಂತವನ್ನು ವಿವರಿಸು ಎಂದಾಗ ಮಗು ತಡವರಿಸಿದರೆ ಆ ಸಾಧನದ ಪಾತ್ರ ಮುಗಿಯಿತೆಂದು ತಿಳಿದು ಸ್ಕ್ರ್ಯಾಚ್‌ನ ಬಯಲಿಗೆ ಬಿಡಬೇಕು.

ಹತ್ತು ಹನ್ನೊಂದರ ಮಗುವಿಗೆ ಕೈಗೆ ಸಿಗುವ ವಸ್ತು ಬೇಕೆನಿಸಿದರೆ ಮೈಕ್ರೋಬಿಟ್ ಇದೆ. ಬಿಬಿಸಿ 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಿದ ಈ ಅಂಗೈಯಷ್ಟಗಲದ ಬೋರ್ಡಿನಲ್ಲಿ 25 ಪುಟ್ಟ ದೀಪಗಳು, ಎರಡು ಗುಂಡಿ, ಉಷ್ಣತೆ ಮತ್ತು ಅಲುಗಾಟ ಅಳೆಯುವ ವ್ಯವಸ್ಥೆ ಇವೆ. ಕೊಳ್ಳುವ ಮೊದಲು ಮೇಕ್‌ಕೋಡ್ ಎಂಬ ಅದರ ಉಚಿತ ಸಂಪಾದಕವನ್ನು ಬ್ರೌಸರಿನಲ್ಲಿ ತೆರೆದರೆ ಪರದೆಯ ಮೇಲೇ ನಕಲಿ ಬೋರ್ಡ್ ಕೆಲಸ ಮಾಡುತ್ತದೆ. ಅಲ್ಲಿ ಎರಡು ವಾರ ಆಸಕ್ತಿ ಉಳಿದರೆ ಮಾತ್ರ ಬೋರ್ಡ್ ತರಿಸಿದರಾಯಿತು. ಒಂದೇ ಬಗೆಯ ಕಾರು ಕಟ್ಟಲಷ್ಟೇ ಬರುವ ದುಬಾರಿ ರೋಬೋಟ್ ಕಿಟ್‌ಗಳ ತೊಂದರೆಯೆಂದರೆ, ಕೈಪಿಡಿಯ ಕೊನೆಯ ಪುಟ ಮುಗಿದೊಡನೆ ಮಗುವಿಗೆ ಮಾಡಲು ಕೆಲಸವಿರುವುದಿಲ್ಲ.

ಪೈಥಾನ್‌ಗೆ ಯಾವಾಗ ಹೋಗಬೇಕು? 1991ರಲ್ಲಿ ಗೀಡೊ ವಾನ್ ರೋಸಮ್ ಬಿಡುಗಡೆ ಮಾಡಿದ ಈ ಭಾಷೆಯೇ ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲೂ ಇರುವುದರಿಂದ ಬೇಗ ಶುರು ಮಾಡುವ ಆತುರ ಸಹಜ. ಅವಸರ ಬೇಡ ಎನ್ನಲು ಆಧಾರವಿದೆ. ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಐದು ವಾರಗಳ ನಂತರ ಬ್ಲಾಕ್‌ಗಳಲ್ಲಿ ಕಲಿತವರು ಅಕ್ಷರದ ಕೋಡ್‌ನಲ್ಲಿ ಕಲಿತವರಿಗಿಂತ ಹೆಚ್ಚು ಅಂಕ ಪಡೆದಿದ್ದರು. ಬ್ಲಾಕ್‌ನಲ್ಲಿ ಲೂಪ್ (ಆಜ್ಞೆಗಳ ಪುನರಾವರ್ತನೆ), ಷರತ್ತು, ವೇರಿಯೇಬಲ್ (ಬದಲಾಗುವ ಬೆಲೆಗೆ ಇಟ್ಟ ಹೆಸರು) ಮೂರನ್ನೂ ಬಳಸಿ ಆಟವೊಂದನ್ನು ಕಟ್ಟಿ ವಿವರಿಸಬಲ್ಲ ಮಗು, ಸುಮಾರು 12ರ ಆಸುಪಾಸಿನಲ್ಲಿ, ಪೈಥಾನ್‌ಗೆ ಹೊರಡಬಹುದು. ಆಗ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿ ಎಂಬ ಉಚಿತ ಸಂಪಾದಕವನ್ನು ಆರಿಸುವುದು ಒಳ್ಳೆಯದು. ಪ್ರೋಗ್ರಾಂನ ಒಂದೊಂದೇ ಹೆಜ್ಜೆ ನಡೆಸಿ, ಆ ಹೆಜ್ಜೆಯಲ್ಲಿ ಯಾವ ವೇರಿಯೇಬಲ್‌ನಲ್ಲಿ ಏನಿದೆ ಎಂದು ಅದು ತೋರಿಸುತ್ತದೆ. ವೃತ್ತಿಪರರ ದೊಡ್ಡ ಸಂಪಾದಕಗಳಲ್ಲಿ ಮಗು ಕಳೆದುಹೋಗುತ್ತದೆ. ಪೈಥಾನ್ ಜೊತೆಗೇ ಬರುವ ಟರ್ಟಲ್ ಎಂಬ ಭಾಗ ಲೋಗೋದ ಹಳೆಯ ಆಮೆಯೇ ಆಗಿರುವುದರಿಂದ ಅಕ್ಷರದ ಕೋಡ್‌ನಲ್ಲೂ ತಪ್ಪು ಕಣ್ಣಿಗೆ ಕಾಣುವ ಗೆರೆಯಾಗಿ ಉಳಿಯುತ್ತದೆ.

ಮನೆಮಾತಿನಲ್ಲಿ ಕೋಡಿಂಗ್

ತಪ್ಪನ್ನು ಹುಡುಕುವುದೆಂದರೆ ಅದರ ಬಗ್ಗೆ ಮಾತಾಡುವುದು. ಮಾತು ಯಾವ ಭಾಷೆಯಲ್ಲಿ ಎನ್ನುವುದು ಇಲ್ಲಿ ಮುಖ್ಯವಾಗುತ್ತದೆ. ಸಾಯಮಿಂದು ದಾಸ್‌ಗುಪ್ತ ಮತ್ತು ಬೆಂಜಮಿನ್ ಮಾಕೊ ಹಿಲ್ 2017ರಲ್ಲಿ ಐದು ದೇಶಗಳ ಸ್ಕ್ರ್ಯಾಚ್ ಬಳಕೆದಾರರನ್ನು ಅಧ್ಯಯನ ಮಾಡಿದಾಗ, ತಮ್ಮ ಭಾಷೆಯ ಬ್ಲಾಕ್‌ಗಳನ್ನು ಬಳಸಿದವರು ಇಂಗ್ಲಿಷ್ ಬ್ಲಾಕ್ ಬಳಸಿದವರಿಗಿಂತ ಬೇಗ ಹೊಸ ಹೊಸ ಪರಿಕಲ್ಪನೆಗಳನ್ನು ಬಳಕೆಗೆ ತಂದದ್ದು ಕಂಡಿತು. ಕನ್ನಡದಲ್ಲಿ ಈ ದಿಕ್ಕಿನ ಕೆಲಸ ಹಿಂದೆಯೇ ನಡೆದಿದೆ. ಡಾ. ಯು. ಬಿ. ಪವನಜ ಲೋಗೋವನ್ನು ಕನ್ನಡಕ್ಕೆ ತಂದು, ಆಮೆಗೆ ಕನ್ನಡದಲ್ಲೇ ಆಜ್ಞೆ ಕೊಡುವುದನ್ನು ಸಾಧ್ಯವಾಗಿಸಿದರು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಹಲವು ತಂತ್ರಾಂಶ ಪಾಠಗಳಿಗೆ ಕನ್ನಡ ಧ್ವನಿ ಕೊಟ್ಟಿದೆ. ಸೂರ್‌ನ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಸುತ್ತ ಅರಬಿ ಮತ್ತು ಹಿಂದಿ, ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ ನವಾಯತಿಯೋ. ಶಾಲೆಯ ಭಾಷೆಯಲ್ಲಿ ಗೊತ್ತಿಲ್ಲ ಎಂದು ಸುಮ್ಮನಾಗುವ ಮಗು ಮನೆಮಾತಿನಲ್ಲಿ ಹೀಗಾಗಬೇಕಿತ್ತು, ಹಾಗಾಯಿತು ಎಂದು ಬಿಡಿಸಿ ಹೇಳೀತು.

ಬ್ಲಾಕ್‌ಗಳು ಇಂಗ್ಲಿಷಿನಲ್ಲಿದ್ದರೂ ಕನ್ನಡಕ್ಕೆ ಜಾಗ ಮಾಡಿಕೊಡಬಹುದು. ಸ್ಕ್ರ್ಯಾಚ್‌ನಲ್ಲಿ ವೇರಿಯೇಬಲ್‌ಗೆ ‘ಅಂಕ’ ಎಂದೋ ‘ಜೀವ’ ಎಂದೋ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮಗು ತಾನೇ ಮಾಡಿಕೊಳ್ಳುವ ಬ್ಲಾಕ್‌ಗೆ ‘ದಡ ಸೇರು’ ಎಂಬ ಹೆಸರು ಕೊಟ್ಟರೆ ಪ್ರೋಗ್ರಾಂ ತನ್ನ ಅರ್ಥವನ್ನು ತಾನೇ ಹೇಳುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಅಲ್ಲೂ ಕನ್ನಡದ ಹೆಸರುಗಳು ನಡೆಯುತ್ತವೆ: ‘ಮೊತ್ತ’ ಎಂಬ ವೇರಿಯೇಬಲ್‌ನಲ್ಲಿ ಹತ್ತನ್ನು ಇಟ್ಟರೆ ಪೈಥಾನ್ ತಕರಾರು ಮಾಡುವುದಿಲ್ಲ. ಕಂಪ್ಯೂಟರಿನ ಭಾಷೆ ಇಂಗ್ಲಿಷ್ ತಾನೇ, ಕನ್ನಡದಲ್ಲಿ ಕಲಿತು ಏನು ಪ್ರಯೋಜನ ಎಂಬ ಪ್ರಶ್ನೆ ಏಳಬಹುದು. ಪೈಥಾನ್‌ನ ಕಾಯ್ದಿರಿಸಿದ ಇಂಗ್ಲಿಷ್ ಪದಗಳು ನಲವತ್ತನ್ನೂ ಮುಟ್ಟುವುದಿಲ್ಲ. ಆ ಪದಗಳನ್ನು ಕಲಿಯುವುದು ಮಗುವಿಗೆ ಭಾರವಲ್ಲ. ಕಷ್ಟವಿರುವುದು ಆ ಪದಗಳ ಹಿಂದಿನ ತರ್ಕದಲ್ಲಿ. ಅದು ಹೊಳೆಯಲು ಮಗುವಿಗೆ ಯಾವ ಮಾತು ಹತ್ತಿರವೋ ಆ ಮಾತೇ ಬೇಕು.

ಸೂರ್‌ನದೇ ಲೆಕ್ಕಗಳು

ಕಲಿಕೆಗೆ ಬೇಕಾದ ಇನ್ನೊಂದು ಸಾಮಗ್ರಿ ಮಗು ಬದುಕುತ್ತಿರುವ ಊರೇ ಒದಗಿಸುತ್ತದೆ. ಆ್ಯಪ್‌ಗಳಲ್ಲಿ ಸಿಗುವ ಸಿದ್ಧ ಉದಾಹರಣೆಗಳಿಗಿಂತ ಮನೆಯ ಲೆಕ್ಕಗಳು ಮೇಲು. ಉತ್ತರ ಸರಿಯೋ ತಪ್ಪೋ ಎಂದು ಮಗುವಿಗೆ ಮೊದಲೇ ಗೊತ್ತಿರುವುದು ಇದಕ್ಕೆ ಕಾರಣ. ಸೂರ್‌ನ ಸಮಯಕ್ಕೂ ಭಾರತದ ಸಮಯಕ್ಕೂ ಒಂದೂವರೆ ಗಂಟೆಯ ಅಂತರ. ಇಲ್ಲಿ ಇಷ್ಟು ಗಂಟೆಯಾದರೆ ಅಜ್ಜಿಯ ಮನೆಯಲ್ಲಿ ಎಷ್ಟು ಎಂದು ಹೇಳುವ ಪ್ರೋಗ್ರಾಂ ಬರೆಯುವುದು ಸುಲಭವೆನಿಸುತ್ತದೆ: ತೊಂಬತ್ತು ನಿಮಿಷ ಕೂಡಿಸಿದರೆ ಮುಗಿಯಿತು. ಸಂಜೆ ಐದಕ್ಕೆ ಸರಿಯಾಗಿ ಆರೂವರೆ ಬರುತ್ತದೆ. ರಾತ್ರಿ 11ಕ್ಕೆ ಮಾತ್ರ 24:30 ಎಂದು ತೋರಿಸುತ್ತದೆ. ಅಂಥ ಗಂಟೆ ಗಡಿಯಾರದಲ್ಲಿ ಇಲ್ಲವೆಂದು ಮಗುವಿಗೆ ಗೊತ್ತು. ದಿನ ದಾಟಿದಾಗ ಏನಾಗಬೇಕು ಎಂದು ಅದೇ ಯೋಚಿಸಿ ಒಂದು ಷರತ್ತನ್ನು ಸೇರಿಸುತ್ತದೆ. ಯಾವ ಕೋರ್ಸಿನ ಪರೀಕ್ಷೆಯೂ ಇಷ್ಟು ಸಹಜವಾಗಿ ತಪ್ಪನ್ನು ಕೈಗೆ ಕೊಡದು.

ದುಡ್ಡಿನ ಲೆಕ್ಕವೂ ಹೀಗೆಯೇ. ಒಮಾನಿ ರಿಯಾಲ್‌ಗೆ ಸಾವಿರ ಬೈಸಾ. ರೂಪಾಯಿಗೆ ಎರಡು ದಶಮಾಂಶ ಸ್ಥಾನ ಸಾಕಾದರೆ ರಿಯಾಲ್‌ಗೆ ಮೂರು ಬೇಕು. ಅಂಗಡಿಯ ಬಿಲ್ಲಿನ ಮೊತ್ತವನ್ನು ರೂಪಾಯಿಗೆ ತಿರುಗಿಸುವ ಪ್ರೋಗ್ರಾಂನಲ್ಲಿ ಅಂದಿನ ದರವನ್ನು ಮಗುವೇ ಕೊಡಲಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.3ರ ಬದಲು 0.30000000000000004 ಬರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯ ಹಾಗೆ ಮಕ್ಕಳು ಸಾಮಾನ್ಯವಾಗಿ ಕಂಪ್ಯೂಟರನ್ನೇ ದೂರುತ್ತಾರೆ. ಇಲ್ಲಿ ಮಾತ್ರ ನೆಲ ನಿಜಕ್ಕೂ ತುಸು ಡೊಂಕು. ಕಂಪ್ಯೂಟರ್ ಸಂಖ್ಯೆಗಳನ್ನು ದ್ವಿಮಾನದಲ್ಲಿ ಇಟ್ಟುಕೊಳ್ಳುವುದರಿಂದ ಕೆಲವು ದಶಮಾಂಶಗಳನ್ನು ನಿಖರವಾಗಿ ಹಿಡಿಯಲಾರದು. ಎಲ್ಲವನ್ನೂ ಬೈಸಾದ ಪೂರ್ಣಾಂಕಗಳಲ್ಲಿ ಇಟ್ಟುಕೊಂಡು ಕೊನೆಗೆ ರಿಯಾಲ್ ಆಗಿ ತೋರಿಸಿದರೆ ತೊಡಕು ಕರಗುತ್ತದೆ. ಹಣದ ತಂತ್ರಾಂಶ ಬರೆಯುವ ಎಂಜಿನಿಯರುಗಳು ಪಾಲಿಸುವ ಎಚ್ಚರವನ್ನು ಏಳನೇ ತರಗತಿಯ ಮಗು ಮನೆಯಲ್ಲೇ ಕಂಡುಕೊಳ್ಳುತ್ತದೆ.

ಇನ್ನು ಆಮೆ. 1996ರಿಂದ ಮೀಸಲು ಪ್ರದೇಶವಾಗಿರುವ ರಾಸ್ ಅಲ್ ಜಿನ್ಝ್ ತೀರ ಸೂರ್‌ನಿಂದ ಹೆಚ್ಚು ದೂರವಿಲ್ಲ. ಹಸಿರು ಕಡಲಾಮೆಗಳು ಅಲ್ಲಿ ಮೊಟ್ಟೆಯಿಡುತ್ತವೆ. ರಾತ್ರಿ ಮರಳಿನಿಂದ ಮೇಲೆದ್ದ ಮರಿಗಳು ಹೆಚ್ಚು ಬೆಳಗಿರುವ ದಿಗಂತದ ಕಡೆಗೆ, ಅಂದರೆ ಕಡಲಿನ ಕಡೆಗೆ, ಹೊರಡುತ್ತವೆ. ದಡದಲ್ಲಿ ದೀಪವಿದ್ದರೆ ದಿಕ್ಕು ತಪ್ಪುತ್ತವೆ. ಇದನ್ನು ಸ್ಕ್ರ್ಯಾಚ್‌ನಲ್ಲಿ ಮಾಡಬಹುದು: ಕಡಲ ಕಡೆ ತಿರುಗಿ ನಡೆಯುವ ಮರಿ, ಪರದೆಯ ಇನ್ನೊಂದು ಬದಿಗೆ ಒಂದು ದೀಪ. ದೀಪ ಇಟ್ಟೊಡನೆ ಎಷ್ಟೇ ದೂರದ ಮರಿಯೂ ಅತ್ತಲೇ ಓಡತೊಡಗಿದರೆ ಅದು ತಪ್ಪು. ದೂರ ಅಳೆಯುವ ಬ್ಲಾಕ್ ಮತ್ತು ಒಂದು ಷರತ್ತು ಸೇರಿದಾಗ ಹತ್ತಿರದ ಮರಿಗಳು ಮಾತ್ರ ದಾರಿ ತಪ್ಪುತ್ತವೆ. ದೀಪಗಳ ಸಂಖ್ಯೆ ಹೆಚ್ಚಿಸುತ್ತ ಎಷ್ಟು ಮರಿ ಕಡಲು ಸೇರಿದವು ಎಂದು ಎಣಿಸಿದರೆ ಮಗುವಿನ ಆಟ ಚಿಕ್ಕದೊಂದು ವಿಜ್ಞಾನದ ಪ್ರಯೋಗವೂ ಆಗುತ್ತದೆ.

ದುಡ್ಡು ಕಟ್ಟುವ ಮುನ್ನ

ಹಾಗಾದರೆ ಹಣ ಕೊಟ್ಟು ಸೇರುವ ಕ್ಲಾಸು ಬೇಡವೇ? ಉಚಿತವಾದದ್ದನ್ನು ಮಕ್ಕಳು ಅರ್ಧಕ್ಕೆ ಬಿಡುತ್ತಾರೆ, ದುಡ್ಡು ಕಟ್ಟಿದರೆ ಶಿಸ್ತು ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ. ನಿಗದಿತ ಸಮಯ, ಎದುರಿಗೊಬ್ಬ ಶಿಕ್ಷಕ, ಜೊತೆಗೆ ಕಲಿಯುವ ಗೆಳೆಯರು ಇವೆಲ್ಲಕ್ಕೂ ಬೆಲೆಯಿದೆ. ಆದರೆ ಕಣ್ಣು ಮುಚ್ಚಿ ನಂಬಬಾರದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕೋಡಿಂಗ್ ಕಲಿಸಲು 2018ರಲ್ಲಿ ಶುರುವಾದ ವೈಟ್‌ಹ್ಯಾಟ್ ಜೂನಿಯರ್ ಕಂಪನಿಯನ್ನು ಬೆಂಗಳೂರಿನ ಬೈಜೂಸ್ 2020ರ ಆಗಸ್ಟ್‌ನಲ್ಲಿ 30 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಭಾರತದ ಜಾಹೀರಾತು ಮಾನಕ ಮಂಡಳಿಯ ಆಕ್ಷೇಪದ ಮೇರೆಗೆ ವೈಟ್‌ಹ್ಯಾಟ್ ತನ್ನ ಐದು ಜಾಹೀರಾತುಗಳನ್ನು ಹಿಂಪಡೆಯಿತು. 2024ರ ಜುಲೈನಲ್ಲಿ ಬೈಜೂಸ್‌ನ ಮಾತೃ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಇದರಿಂದ ಎರಡು ಪಾಠ. ಪುಟ್ಟ ಮಕ್ಕಳು ಕೋಡಿಂಗ್‌ನಿಂದ ಕೋಟ್ಯಧೀಶರಾಗುವ ಕಥೆ ಹೇಳುವ ಜಾಹೀರಾತು ಪಾಠದ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಷ್ಟೇ ದೊಡ್ಡ ಹೆಸರಾದರೂ ಇಡೀ ವರ್ಷದ ಶುಲ್ಕವನ್ನು ಒಂದೇ ಸಲಕ್ಕೆ ಕಟ್ಟಬಾರದು. ತಿಂಗಳ ಲೆಕ್ಕದಲ್ಲಿ ಕಟ್ಟಿ, ಬೇಡವೆನಿಸಿದಾಗ ಬಿಡಲು ಬರುವಂತಿರಬೇಕು.

ಡೆಮೊ ಕ್ಲಾಸಿನಲ್ಲಿ ಗಮನಿಸಬೇಕಾದದ್ದು ಈ ಲೇಖನದ ಮೊದಲ ಪ್ರಶ್ನೆಯನ್ನೇ. ಮಗು ತಪ್ಪಿದಾಗ ಶಿಕ್ಷಕರು ಸರಿಯುತ್ತರವನ್ನು ಹೇಳಿ ಮುಂದೆ ಹೋದರೇ, ಏನಾಗಬಹುದೆಂದು ಊಹಿಸಿದ್ದೆ ಎಂದು ಕೇಳಿದರೇ? ಕ್ಲಾಸಿನ ಕೊನೆಗೆ ಎಲ್ಲ ಮಕ್ಕಳ ಕೈಯಲ್ಲೂ ಒಂದೇ ರೀತಿಯ ಆಟವಿದ್ದರೆ ಅದು ಶಿಕ್ಷಕರದು, ಮಕ್ಕಳದಲ್ಲ. ಸೂರ್‌ನವರು ವೇಳಾಪಟ್ಟಿಯನ್ನೂ ನೋಡಬೇಕು. ಭಾರತದ ಕ್ಲಾಸುಗಳು ಶನಿವಾರ, ಭಾನುವಾರಗಳನ್ನು ನಂಬಿಕೊಂಡಿರುತ್ತವೆ. ಇಲ್ಲಿ ರಜೆ ಶುಕ್ರವಾರ ಮತ್ತು ಶನಿವಾರ, ಭಾನುವಾರ ಶಾಲೆಯ ಮೊದಲ ದಿನ. ಎರಡೂ ಕಡೆಗೆ ಕೂಡಿಬರುವುದು ಶನಿವಾರವೊಂದೇ. ಬೆಂಗಳೂರಿನಲ್ಲಿ ಸಂಜೆ ಏಳರ ಕ್ಲಾಸು ಇಲ್ಲಿ ಐದೂವರೆಗೆ ಬೀಳುತ್ತದೆ, ಅದು ವಾರದ ದಿನಗಳಲ್ಲೂ ಹೊಂದೀತು. ಮಗು ಶಾಲೆಯಲ್ಲಿ ಏನು ಕಲಿಯುತ್ತಿದೆ ಎಂದು ವಿಚಾರಿಸಿಕೊಳ್ಳುವುದೂ ಒಳ್ಳೆಯದು. ಸಿಬಿಎಸ್‌ಇ 2021ರಲ್ಲೇ ಮೈಕ್ರೋಸಾಫ್ಟ್ ಜೊತೆಗೂಡಿ 6ರಿಂದ 8ನೇ ತರಗತಿಗೆ ಕೋಡಿಂಗ್ ಪಠ್ಯ ತಂದಿದೆ. ಅದನ್ನೇ ಮತ್ತೆ ದುಡ್ಡು ಕೊಟ್ಟು ಕಲಿಯಬೇಕಾಗಿಲ್ಲ.

ಮೂರು ಆಕ್ಷೇಪಗಳು

ನಮಗೇ ಪ್ರೋಗ್ರಾಮಿಂಗ್ ಬಾರದು, ಮಗುವಿಗೆ ಹೇಗೆ ಹೇಳಿಕೊಡುವುದು ಎಂಬುದು ಮೊದಲ ಆಕ್ಷೇಪ. ಈ ಲೇಖನದ ವಾದ ಒಪ್ಪಿಗೆಯಾದರೆ ಬಾರದಿರುವುದು ಅಷ್ಟು ದೊಡ್ಡ ಅಡ್ಡಿಯಲ್ಲ. ಉತ್ತರ ಗೊತ್ತಿಲ್ಲದ ಅಮ್ಮ ಉತ್ತರ ಹೇಳಿಬಿಡಲಾರಳು, ಪ್ರಶ್ನೆಯನ್ನೇ ಕೇಳಬೇಕಾಗುತ್ತದೆ. ಏನಾಗಬೇಕಿತ್ತು, ಏನಾಯಿತು, ಎಲ್ಲಿಯವರೆಗೆ ಸರಿಯಾಗಿತ್ತು, ಒಂದೊಂದೇ ಬ್ಲಾಕ್ ತೆಗೆದು ನೋಡಿದೆಯಾ? ಕ್ಲಾರ್ ಮತ್ತು ಕಾರ್ವರ್ ಕಲಿಸಿದ ಹೆಜ್ಜೆಗಳೆಲ್ಲ ಇಂಥ ಪ್ರಶ್ನೆಗಳಲ್ಲೇ ಅಡಗಿವೆ. ಕಾರ್ಖಾನೆಯಲ್ಲಿ ಕೆಟ್ಟ ಪಂಪನ್ನು ಸರಿಪಡಿಸುವ ಅಪ್ಪನಿಗೂ ಆಸ್ಪತ್ರೆಯಲ್ಲಿ ರೋಗಲಕ್ಷಣ ನೋಡುವ ಅಮ್ಮನಿಗೂ ಈ ಕ್ರಮ ಹೊಸದಲ್ಲ. ಪಟ್ಟಣದ ನಾಲ್ಕೈದು ಮನೆಯವರು ಶನಿವಾರ ಒಂದೆಡೆ ಸೇರಿ ಮಕ್ಕಳು ತಮ್ಮ ಕೆಲಸವನ್ನು ಒಬ್ಬರಿಗೊಬ್ಬರು ತೋರಿಸುವಂತೆ ಮಾಡಿದರೆ ಹಣ ಕೊಟ್ಟ ಕ್ಲಾಸಿನ ಶಿಸ್ತೂ ಗೆಳೆತನವೂ ಖರ್ಚಿಲ್ಲದೆ ಸಿಗುತ್ತವೆ.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವಾಗ ಮಕ್ಕಳಿಗೆ ಇದೆಲ್ಲ ಏಕೆ ಎಂಬುದು ಎರಡನೆಯದು. ಕೋಡ್ ಬರೆಯುವ ಶ್ರಮ ಕಡಿಮೆಯಾಗಿದೆ ಎಂಬುದು ನಿಜ. ಓದಿ ತೀರ್ಮಾನಿಸುವ ಶ್ರಮ ಕಡಿಮೆಯಾಗಿಲ್ಲ. ಯಂತ್ರ ಬರೆದುಕೊಟ್ಟ ಸಮಯದ ಲೆಕ್ಕ ರಾತ್ರಿ 11ಕ್ಕೆ ಸರಿಯಾಗಿದೆಯೇ ಎಂದು ಯಾರಾದರೂ ಪರೀಕ್ಷಿಸಲೇಬೇಕು. ಏನನ್ನು ಪರೀಕ್ಷಿಸಬೇಕೆಂದು ಹೊಳೆಯುವುದು ಒಮ್ಮೆ ಆ ತಪ್ಪನ್ನು ತಾನೇ ಮಾಡಿ ತಿದ್ದಿದವರಿಗೆ. ಚಾಟ್‌ಜಿಪಿಟಿಯ ನಿಯಮದಲ್ಲೇ ಬಳಕೆದಾರರಿಗೆ ಕನಿಷ್ಠ 13 ವರ್ಷವಾಗಿರಬೇಕು, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು ಎಂದಿದೆ. ಆ ವಯಸ್ಸಿನ ನಂತರವೂ ಮಗು ಮೊದಲು ತಾನು ಪ್ರಯತ್ನಿಸಿ, ಆಮೇಲೆ ಯಂತ್ರದ ಉತ್ತರದಲ್ಲಿ ದೋಷ ಹುಡುಕಲಿ. ಮೊದಲೇ ಕೇಳಿಬಿಟ್ಟರೆ, ಉತ್ತರವನ್ನು ತಾನೇ ತೋರಿಸಿಬಿಡುವ ಕಳಪೆ ಸಾಧನವನ್ನು ಆರಿಸಿದ ಹಾಗಾಯಿತು.

ಬೇಗ ಶುರು ಮಾಡದಿದ್ದರೆ ಹಿಂದುಳಿಯುತ್ತಾರೆ ಎಂಬ ಭಯ ಮೂರನೆಯದು. ಭಾರತದ ಶಿಕ್ಷಣ ಸಚಿವಾಲಯ 2026–27ರಿಂದ 3ನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣನಾತ್ಮಕ ಚಿಂತನೆಯ ಪಾಠ ತರುವುದಾಗಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಮೇಲೆ ಈ ಭಯ ಹೆಚ್ಚಿರಬಹುದು. ಹನ್ನೆರಡರಲ್ಲಿ ಆಸಕ್ತಿಯಿಂದ ಶುರು ಮಾಡಿದ ಮಗುವಿಗೆ ಏಳರಲ್ಲಿ ಒತ್ತಾಯದಿಂದ ಕೂತ ಮಗುವನ್ನು ಹಿಡಿಯುವುದು ಕಷ್ಟವಲ್ಲ. ಚಿಕ್ಕ ವಯಸ್ಸಿನಲ್ಲಿ ಬೇಕಾದದ್ದು ಕ್ರಮವಾಗಿ ಯೋಚಿಸುವ ರೂಢಿ. ಅದಕ್ಕೆ ಚೌಕಾಬಾರ, ಒಗಟು, ಅಡುಗೆಮನೆಯ ಕೆಲಸಗಳೂ ನೆರವಾಗುತ್ತವೆ.

ಕೊನೆಗೆ ಒಂದು ಕಾರ್ಯಕ್ರಮ. ಬೇಸಿಗೆ ರಜೆಯಲ್ಲೋ ಯಾವುದೇ ಮೂರು ತಿಂಗಳಲ್ಲೋ ವಯಸ್ಸಿಗೆ ತಕ್ಕ ಒಂದೇ ಸಾಧನವನ್ನು ಆರಿಸಿ, ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆಯಂತೆ ಮಗುವನ್ನು ಕೂರಿಸಿ. ಮೊದಲ ತಿಂಗಳು ಓದುವುದು ಮತ್ತು ಊಹಿಸುವುದು, ಎರಡನೆಯದು ಬದಲಿಸುವುದು, ಮೂರನೆಯದು ಸ್ವಂತದ್ದೊಂದು ರಚಿಸುವುದು. ಅವಧಿ ಮುಗಿದ ಮೇಲೆ ಮಗು ಹಿಂದೆ ನೋಡಿರದ ಹತ್ತು ಸಾಲಿನ, ಇಲ್ಲವೇ ಹತ್ತು ಬ್ಲಾಕ್‌ನ, ಪ್ರೋಗ್ರಾಂ ಒಂದನ್ನು ಬೇಕೆಂದೇ ಒಂದು ತಪ್ಪು ಸೇರಿಸಿ ಮುಂದಿಡಿ. ಅದು ಏನು ಮಾಡಬೇಕಿತ್ತು, ಎಲ್ಲಿ ಎಡವುತ್ತಿದೆ ಎಂದು ಮಗು ಮನೆಮಾತಿನಲ್ಲಿ ಹೇಳಬಲ್ಲದಾದರೆ ಆರಿಸಿದ ಸಾಧನ ತನ್ನ ಕೆಲಸ ಮಾಡಿದೆ. ಮುಂದಿನ ಹಂತಕ್ಕೆ ಹೋಗಬಹುದು, ಬೇಕಿದ್ದರೆ ದುಡ್ಡನ್ನೂ ಕಟ್ಟಬಹುದು. ಹೇಳಲಾಗದಿದ್ದರೆ ಗೋಡೆಯ ಮೇಲೆ ಎಷ್ಟು ಸರ್ಟಿಫಿಕೇಟ್ ತೂಗುತ್ತಿದ್ದರೂ ಸಾಧನವನ್ನೋ ಕಲಿಸುವ ರೀತಿಯನ್ನೋ ಬದಲಿಸಬೇಕು.